ಬೀಗ ಬದಲಿಸುವ ಹೊತ್ತು

"ಇದರಲ್ಲಿ ಬೆಳಕೇ ಇಲ್ಲ, ಸಾರ್ಜೆಂಟ್."

ಕೇಬಲ್ ಕಂಪನಿಯ ಕ್ಲೆಮ್ ರಾಡ್ಲಿ ರಸ್ತೆಬದಿಯ ಗುಂಡಿಯಲ್ಲಿ ಸೊಂಟದವರೆಗೆ ಇಳಿದು ನಿಂತಿದ್ದ. ಓಟ್‌ಲ್ಯಾಂಡ್ಸ್ ದಾಟಿದರೆ ಹೆದ್ದಾರಿಯ ಎರಡೂ ಕಡೆ ಬರೀ ಕುರಿ ಮೇಯುವ ಬಯಲು. ಗಾಳಿಗೆ ಅಡ್ಡವಾಗಿ ಒಂದು ಮರವೂ ಇಲ್ಲ. ಪತ್ತೇದಾರಿ ಸಾರ್ಜೆಂಟ್ ಲೋರ್ನಾ ಪೆಟ್ರಿ ಕೋಟಿನ ಕಾಲರ್ ಎತ್ತಿಕೊಂಡು ಗುಂಡಿಯ ಅಂಚಿನಲ್ಲಿ ಮಂಡಿಯೂರಿದಳು.

"ಬೆಳಕಿಲ್ಲ ಅಂದ್ರೆ?"

"ಈ ಕೇಬಲ್ಲಿನೊಳಗೆ ಕೂದಲಿನಂಥ ಗಾಜಿನ ಎಳೆಗಳು ತುಂಬ ಇವೆ. ಸುದ್ದಿ ಹೋಗೋದು ಬೆಳಕಾಗಿ; ನೀಲಿ, ಕಿತ್ತಳೆ, ಈ ಎರಡು ಮಾತ್ರ ಕೆಲಸ ಮಾಡ್ತಿರೋದು. ಉಳಿದವನ್ನ ಮುಂದಕ್ಕೆ ಬೇಕಾದೀತು ಅಂತ ಎಳೆದು ಬಿಟ್ಟಿದಾರೆ. ನಿಮ್ಮ ಕಳ್ಳ ಪೆಟ್ಟಿಗೆ ಕಚ್ಚಿಸಿರೋದು ಈ ಕಂದು ಎಳೆಗೆ. ಇಲ್ಲಿ ನೋಡಿ, ಹಲ್ಲಿನ ಗುರುತು."

"ಪಕ್ಕಾನಾ?"

"ನಾನೇ ಎಳೆದ ಕೇಬಲ್ಲು ಮಾರಾಯ್ತಿ. ಆ ಪೆಟ್ಟಿಗೆ ಹುಟ್ಟಿದಾಗಿನಿಂದ ಉಪವಾಸ. ಒಂದಕ್ಷರ ಅದರ ಬಾಯಿಗೆ ಬಿದ್ದಿಲ್ಲ."

ಹಿಂದಿನ ವಾರ ಇದೇ ಗುಂಡಿಯಲ್ಲಿ ಸಿಕ್ಕ, ಕೇಬಲ್ಲಿನಲ್ಲಿ ಹೋಗುವುದನ್ನು ಕದ್ದು ನಕಲು ಮಾಡುವ ಆ ಕಪ್ಪು ಪೆಟ್ಟಿಗೆ ಇಡೀ ಟಾಸ್ಮೇನಿಯಾದ ನಿದ್ದೆ ಕೆಡಿಸಿತ್ತು.

ಹೋಬಾರ್ಟಿನ ಮೊಹರು ಭಂಡಾರದಲ್ಲಿ ಇದ್ದದ್ದು ಮನುಷ್ಯರ ಬಾಯಿಮಾತಿನ ಸಾಕ್ಷ್ಯ. ಚಿಕ್ಕಂದಿನಲ್ಲಿ ಅನಾಥಾಲಯಗಳಲ್ಲಿ ನರಕ ಕಂಡವರು ಮುದಿವಯಸ್ಸಿನಲ್ಲಿ ಒಂದು ಮುಚ್ಚಿದ ಕೋಣೆಯಲ್ಲಿ ಕೂತು ಅದನ್ನೆಲ್ಲ ಹೇಳಿದ್ದರು. ಮೊಮ್ಮಕ್ಕಳ ಕಾಲ ಕಳೆಯುವ ತನಕ ಯಾರೂ ತೆರೆಯುವುದಿಲ್ಲ ಎಂದು ಸರ್ಕಾರ ಮಾತು ಕೊಟ್ಟಿತ್ತು. ರೆಕಾರ್ಡ್ ಮಾಡಿದ ಆ ಧ್ವನಿಗಳಿಗೆ ಗೂಢಲಿಪಿಯ ಬೀಗ ಹಾಕಿ, ಇನ್ನೊಂದು ಪ್ರತಿಯನ್ನು ಇದೇ ಕೇಬಲ್ಲಿನ ಮೂಲಕ ಲಾನ್ಸೆಸ್ಟನ್ನಿಗೆ ಕಳಿಸುತ್ತಿದ್ದರು. ದಾರಿಯಲ್ಲಿ ಯಾರೋ ನಕಲು ಮಾಡಿಕೊಳ್ಳುತ್ತಿದ್ದಾರೆ ಎಂದು ಪತ್ರಿಕೆಗಳು ಬರೆದವು. ಆಗಲೇ ನಕಲಾದ ಪ್ರತಿಗಳ ಹಳೇ ಬೀಗ ಇವತ್ತು ಒಡೆಯುವುದಿಲ್ಲ ನಿಜ. ಮುಂದೆ ಕ್ವಾಂಟಮ್ ಯಂತ್ರ ಬಂದ ದಿನ ಒಡೆಯುತ್ತದೆ, ಅಲ್ಲಿಯವರೆಗೆ ಕಳ್ಳ ಕಾಯುತ್ತಾನೆ ಎಂದೂ ಬರೆದವು.

ಈಗ ನೋಡಿದರೆ ಕಳ್ಳ ಏನನ್ನೂ ಕದ್ದೇ ಇಲ್ಲ.

"ಗುಂಡಿ ಮುಚ್ಚಳದ ಬೀಗ?" ಲೋರ್ನಾ ಕೇಳಿದಳು.

"ಒಂದು ಗೀರೂ ಬಿದ್ದಿಲ್ಲ. ಕೀಲಿ ಹಾಕಿ ತೆಗೆದಿದಾರೆ. ಈ ಸಾಲಿನ ಗುಂಡಿಗಳ ಕೀಲಿ ನಮ್ಮ ಕಂಪನೀಲೂ ಇಲ್ಲ. ಭಂಡಾರದವರದ್ದೇ ಬೀಗ, ಭಂಡಾರದವರದ್ದೇ ಕೀಲಿ."

ಲೋರ್ನಾ ಎದ್ದು ಮಂಡಿಯ ಮಣ್ಣು ಕೊಡವಿಕೊಂಡಳು. ಬೆಳಕಿಲ್ಲದ ಎಳೆಗೆ ಪೆಟ್ಟಿಗೆ ಕಚ್ಚಿಸುವವನಿಗೆ ಎರಡರಲ್ಲಿ ಒಂದು ಗೊತ್ತಿರುವುದಿಲ್ಲ: ಕಳ್ಳತನ, ಇಲ್ಲವೇ ಕೇಬಲ್ಲು. ಭಂಡಾರದ ಕೀಲಿಯೇ ಕೈಯಲ್ಲಿದ್ದವನು ಕದಿಯಲು ಇಷ್ಟು ದೂರ ಬರಬೇಕಾಗಿರಲಿಲ್ಲ; ಸಿಕ್ಕಿಬೀಳಲಿ ಎಂದೇ ಇಟ್ಟ ಪೆಟ್ಟಿಗೆ ಇದು.

ಹಾಗಾದರೆ ಈ ಹೆದರಿಕೆಯಿಂದ ಯಾರಿಗೆ ಲಾಭ?

ಉತ್ತರ ಹೋಬಾರ್ಟಿನಲ್ಲಿ, ಭಂಡಾರದ ಮೆಟ್ಟಿಲ ಮೇಲೆ ಸಾಲುಗಟ್ಟಿ ನಿಂತಿತ್ತು.

* * *

ಕಲ್ಲಿನ ಹಳೇ ಕಟ್ಟಡ. ಹೊರಗೆ ಮುದುಕ ಮುದುಕಿಯರ ಸಾಲು. ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಒಬ್ಬ ಮುದುಕ ತಪ್ಪಿಯೂ ಯಾರ ಕಣ್ಣಿಗೂ ಬೀಳಬಾರದೆಂದು ಗೋಡೆಗೆ ಮುಖ ಮಾಡಿ ನಿಂತಿದ್ದ.

ಪೆಟ್ಟಿಗೆಯ ಸುದ್ದಿ ಬಂದ ಮರುದಿನವೇ ಭಂಡಾರದವರು ಹೊಸ ಕೌಂಟರ್ ತೆರೆದಿದ್ದರು. ಹೆದರಿಕೆ ಇದ್ದವರು ಬಂದು ಹೇಳಿದರೆ ಸಾಕು, ಅವರ ಸಾಕ್ಷ್ಯವನ್ನು ಹೋಬಾರ್ಟ್, ಲಾನ್ಸೆಸ್ಟನ್ ಎರಡೂ ಕಡೆ ಅಳಿಸಿಹಾಕುತ್ತಾರೆ. ಬರಲಾಗದವರು ಫೋನ್ ಮಾಡಿ ತಮ್ಮ ಕಾವಲು ಮಾತು ಹೇಳಿದರೂ ಆದೀತು. ಸಾಕ್ಷ್ಯದ ಕೊನೆಯಲ್ಲಿ ಪ್ರತಿಯೊಬ್ಬರೂ ತಮ್ಮದೇ ಒಂದು ಗುಟ್ಟಿನ ಮಾತು ಹೇಳಿ ಮುಗಿಸಿದ್ದರು. ಅದು ಅವರ ಮನಸ್ಸು ಬಿಟ್ಟರೆ ಬೀಗದೊಳಗೆ ಮಾತ್ರ ಇತ್ತು. ಯಾರಾದರೂ ಅದನ್ನು ಹೇಳಿದರೆ ಕಂಪ್ಯೂಟರ್ ಹೌದು ಅಥವಾ ಅಲ್ಲ ಅನ್ನುತ್ತಿತ್ತೇ ಹೊರತು ಮಾತನ್ನು ತೋರಿಸುತ್ತಿರಲಿಲ್ಲ.

ಒಳಗೆ ಯಾರೋ ಕೂಗಾಡುತ್ತಿದ್ದರು.

"ನಾನು ಫೋನ್ ಮಾಡಿಲ್ಲ ಅಂದ್ರೆ ಮಾಡಿಲ್ಲ! ನನ್ನ ಮೊಬೈಲಿಗೆ ದುಡ್ಡು ಹಾಕಿಸೋದೇ ಕ್ರಿಸ್‌ಮಸ್‌ಗೆ!"

ಉಣ್ಣೆ ಟೋಪಿ ಹಾಕಿದ, ಕಡ್ಡಿಯಂಥ ಮುದುಕಿ. ಕೈಯಲ್ಲಿ ಬೇಕರಿಯ ಕಾಗದದ ಚೀಲ. ಒಳಗಿನ ಸ್ಕಾಲಪ್ ಚಿಪ್ಪುಮೀನಿನ ಪೈ ನಜ್ಜುಗುಜ್ಜಾಗಿ ಹಳದಿ ಮಸಾಲೆ ಸೋರುತ್ತಿತ್ತು. ಕೌಂಟರಿನ ಹೆಂಗಸು ಕಂಪ್ಯೂಟರಿನ ಕಡೆ ತಿರುಗಿ ಮತ್ತೆ ಅದನ್ನೇ ಹೇಳಿದಳು. "ಡಲ್ಸಿ ಕ್ಲೀರಿ. ನಿನ್ನೆ ಬೆಳಿಗ್ಗೆ ಫೋನ್ ಬಂದಿದೆ. ಕಾವಲು ಮಾತು ಸರಿಯಾಗಿದೆ. ಅಳಿಸಿ ಆಗಿದೆ, ಮೇಡಂ."

ಡಲ್ಸಿಯ ಧ್ವನಿ ಒಮ್ಮೆಲೇ ತಗ್ಗಿತು.

"ನಾನು ಅಳಿಸ್ಬೇಡಿ ಅಂತ ಹೇಳೋಕೆ ಬಂದಿದ್ದು ಕಣಮ್ಮ."

ಲೋರ್ನಾ ಅವಳ ತೋಳು ಹಿಡಿದು ಹೊರಗೆ ಕರೆತಂದು ಬೆಂಚಿನ ಮೇಲೆ ಕೂರಿಸಿದಳು. ಪೊಲೀಸ್ ಬಿಲ್ಲೆ ನೋಡಿ ಡಲ್ಸಿ ತುಟಿ ಕೊಂಕಿಸಿದಳು.

"ಪೊಲೀಸಾ? ಲಾರ್ಕ್‌ಫೀಲ್ಡ್ ಅನಾಥಾಲಯದಿಂದ ನಾನು ಎರಡು ಸಲ ಓಡಿಹೋಗಿದ್ದೆ. ಎರಡು ಸಲಾನೂ ಕೈ ಹಿಡ್ಕೊಂಡು ವಾಪಸ್ ಬಿಟ್ಟವರು ನಿಮ್ಮವರೇ."

ಲೋರ್ನಾ ಬಿಲ್ಲೆ ಜೇಬಿಗಿಟ್ಟು ಪಕ್ಕದಲ್ಲಿ ಕೂತಳು.

"ನನಗೊಬ್ಬ ತಮ್ಮ ಇದ್ದ," ಡಲ್ಸಿ ಮುಂದುವರಿಸಿದಳು. "ಕೆವಿನ್. ಜ್ವರದಿಂದ ಸತ್ತ ಅಂತ ಅವರ ದಾಖಲೆ. ಹೇಗೆ ಸತ್ತ ಅಂತ ನಾನು ಗಂಡನಿಗೆ ಹೇಳಲಿಲ್ಲ, ಮಕ್ಕಳಿಗೆ ಹೇಳಲಿಲ್ಲ. ಇಲ್ಲಿ ಬಂದು ಒಂದೇ ಒಂದು ಸಲ ಹೇಳಿದೆ. ಹೇಳಿ ಮನೆಗೆ ಹೋಗಿ ವಾರಗಟ್ಟಲೆ ಹಾಸಿಗೆ ಬಿಟ್ಟು ಏಳಲಿಲ್ಲ. ಇನ್ನೊಂದ್ಸಲ ಹೇಳು ಅಂದ್ರೆ ಆಗಲ್ಲ ಮಗಳೇ. ತಾಕತ್ತಿಲ್ಲ."

"ನಿಮ್ಮ ಕಾವಲು ಮಾತು ಇನ್ಯಾರಿಗೆ ಗೊತ್ತಿತ್ತು?"

"ಒಂದು ಕೋಳಿಗೆ."

"ಏನು?"

"ಲಾರ್ಕ್‌ಫೀಲ್ಡಿನ ಅಡುಗೆಮನೆ ಹಿಂದೆ ಒಂದು ಕೋಳಿ ಇತ್ತು. ಕೆವಿನ್ ಅದಕ್ಕೊಂದು ಹೆಸರಿಟ್ಟಿದ್ದ. ನಾವಿಬ್ಬರೇ ಕರೀತಿದ್ದ ಹೆಸರು. ಅದೇ ನನ್ನ ಮಾತು." ಡಲ್ಸಿ ನಗಲು ಹೋದಳು, ಆಗಲಿಲ್ಲ. "ಕೆವಿನ್ ಸತ್ತ. ಕೋಳೀನ ಈಸ್ಟರಿಗೆ ಬೇಯಿಸಿದ್ರು. ಇನ್ಯಾರು ಹೇಳ್ತಾರೆ?"

ಗಾಳಿ ಬಂದರಿನ ಕಡೆಯಿಂದ ಬೀಸುತ್ತಿತ್ತು.

ಆ ಹೆಸರು ಇದ್ದದ್ದು ಬೀಗದೊಳಗೆ. ಅದನ್ನು ಯಾರೋ ಹೊರಗೆ ನುಡಿದಿದ್ದಾರೆ. ಅಂದರೆ ಮುಂದೆಂದೋ ಒಡೆಯುತ್ತದೆ ಎಂದು ಎಲ್ಲರೂ ಹೆದರುತ್ತಿರುವ ಬೀಗವನ್ನು ಯಾರೋ ಈಗಾಗಲೇ ತೆರೆದಿದ್ದಾರೆ.

ಬೀಗದ ಬಗ್ಗೆ ಕೇಳಬಹುದಾದವಳು ಈ ಊರಿನಲ್ಲಿ ಒಬ್ಬಳೇ ಇದ್ದಳು. ಭಂಡಾರದವರು ಅವಳನ್ನು ಕೆಲಸದಿಂದ ಅಮಾನತು ಮಾಡಿದ್ದರು. ಪೆಟ್ಟಿಗೆ ಅವಳದೇ ಕೈವಾಡ ಎಂದು ಅರ್ಧ ಊರು ನಂಬಿತ್ತು.

"ನಾನೂ ಬರ್ತೀನಿ," ಡಲ್ಸಿ ಎದ್ದಳು. "ಗ್ಲೆನಾರ್ಕಿಯ ಆ ಖಾಲಿ ಮನೇಲಿ ಇವತ್ತು ಒಬ್ಬಳೇ ಕೂತ್ಕೊಳೋಕೆ ನನ್ನ ಕೈಲಿ ಆಗಲ್ಲ."

* * *

ಆ ಬೀಗದ ತಜ್ಞೆ ಮಿರ್ಯಾನಾ ವುಕೊವಿಚ್ ಊರಂಚಿನ ಟರೂನಾದಲ್ಲಿ ನೀರಿಗೆ ಮುಖ ಮಾಡಿದ ಮರದ ಮನೆಯಲ್ಲಿದ್ದಳು. ಅವಳಪ್ಪ ಯುಗೊಸ್ಲಾವಿಯಾದಿಂದ ಅಣೆಕಟ್ಟಿನ ಕೆಲಸಕ್ಕೆ ಬಂದು ಇಲ್ಲೇ ಉಳಿದವನು. ಬಾಗಿಲು ತೆಗೆದವಳ ಕೈಯಲ್ಲಿ ಸೌಟು ಇತ್ತು. ಒಳಗಿನಿಂದ ಬೀನ್ಸ್ ಸೂಪಿನ ವಾಸನೆ ಬರುತ್ತಿತ್ತು.

"ಮತ್ತೆ ಬಂದ್ರಾ ಸಾರ್ಜೆಂಟ್? ಈ ಸಲ ಬೇಡಿ ತಂದಿದೀರೋ, ಬರೀ ಪ್ರಶ್ನೇನೋ?"

"ಪೆಟ್ಟಿಗೆ ಕಚ್ಚಿಸಿದ್ದು ಖಾಲಿ ಎಳೆಗೆ, ಮಿರ್ಯಾನಾ. ನೀನಾಗಿದ್ರೆ ಆ ತಪ್ಪು ಮಾಡ್ತಿರಲಿಲ್ಲ."

ಮಿರ್ಯಾನಾ ಪಕ್ಕಕ್ಕೆ ಸರಿದಳು. "ಒಳಗೆ ಬನ್ನಿ. ಅಜ್ಜೀನೂ ಬರಲಿ."

ಮೇಜಿನ ಮೇಲೆ ಮೂರು ಬಟ್ಟಲು ಸೂಪು ಬಂತು. ಡಲ್ಸಿ ಚಮಚ ಮುಟ್ಟಲಿಲ್ಲ.

"ನೀನೇನಮ್ಮ ಬೀಗದವಳು?"

"ಹೌದು. ಬೀಗ ಬದಲಿಸಿ ಅಂತ ಕರೆದ್ರು. ಬದಲಿಸಬೇಕು ಅಂತ ಹೇಳಿದ್ದಕ್ಕೆ ಹೊರಗೆ ಹಾಕಿದ್ರು."

"ನನಗೆ ಅರ್ಥ ಆಗೋ ಹಾಗೆ ಹೇಳು. ನಾನು ಓದಿದ್ದು ಹೊಲಿಗೆ ಮಾತ್ರ."

ಮಿರ್ಯಾನಾ ಸೌಟು ಕೆಳಗಿಟ್ಟಳು. "ಈಗಿರೋ ಬೀಗ ಒಂದು ಲೆಕ್ಕದ ಮೇಲೆ ನಿಂತಿದೆ. ಆ ಲೆಕ್ಕ ಬಿಡಿಸೋಕೆ ಇವತ್ತಿನ ಯಂತ್ರಗಳಿಗೆ ಆಗಲ್ಲ. ಕ್ವಾಂಟಮ್ ಯಂತ್ರ ಪೂರ್ತಿ ಬೆಳೆದು ನಿಂತ ದಿನ ಆಗುತ್ತೆ. ಅದು ಯಾವತ್ತು ಅಂತ ಯಾರಿಗೂ ಗೊತ್ತಿಲ್ಲ. ನಿಮಗೆ ಕೊಟ್ಟಿರೋ ಮಾತು ಮೊಮ್ಮಕ್ಕಳ ಕಾಲದ್ದು. ಅದಕ್ಕೆ ಆ ಯಂತ್ರಕ್ಕೂ ಬಗ್ಗದ ಬೇರೆ ಥರದ ಲೆಕ್ಕದ ಬೀಗ ಈಗಲೇ ಹಾಕ್ಬೇಕು. ಇಷ್ಟೇ."

"ಹೊಸದು ಹಾಕಿ ಆಯ್ತು ಅಂತ ಪೇಪರಿನಲ್ಲಿ ಬಂದಿತ್ತಲ್ಲ?" ಡಲ್ಸಿ ಕೇಳಿದಳು.

"ಬೀದಿ ಬಾಗಿಲಿಗೆ ಹಾಕಿದ್ರು. ಭಂಡಾರದ ವೆಬ್‌ಸೈಟಿಗೆ. ಕೇಬಲ್ಲಿಗಿಲ್ಲ, ಒಳಗಿನ ಸಾಕ್ಷ್ಯಕ್ಕಿಲ್ಲ. ಆದ್ರೆ ಕೆಲಸ ಪೂರ್ತಿ ಆಯ್ತು ಅಂತ ನಿರ್ದೇಶಕರು ಮಂತ್ರಿಗಳಿಗೆ ಹೇಳಿಬಿಟ್ರು. ಫೋಟೊ ತೆಗೆಸಿಕೊಂಡ್ರು, ಕೇಕ್ ಕತ್ತರಿಸಿದ್ರು. ನಾನು ಆ ಕೇಕ್ ತಿನ್ನಲಿಲ್ಲ. ಸಭೇಲಿ ಎದ್ದು ನಿಂತು ಸುಳ್ಳು ಅಂದೆ. ಮರುದಿನ ನನ್ನ ಕೀಲಿ ಕಸ್ಕೊಂಡ್ರು."

ಲೋರ್ನಾ ಮುಂದಕ್ಕೆ ಬಾಗಿದಳು. "ಡಲ್ಸಿಯ ಸಾಕ್ಷ್ಯವನ್ನ ಯಾರೋ ತೆರೆದಿದಾರೆ. ಕಾವಲು ಮಾತು ಹೊರಗೆ ಬಂದಿದೆ. ಹೇಗೆ?"

ಮಿರ್ಯಾನಾ ಎದ್ದು ಹೋಗಿ ಒಲೆ ಸಣ್ಣ ಮಾಡಿ ಬಂದಳು.

"ಬೀಗ ಬದಲಿಸೋ ಹೊತ್ತಲ್ಲಿ ಬಾಗಿಲು ತೆರೆದೇ ಇರುತ್ತೆ, ಸಾರ್ಜೆಂಟ್. ಹಳೇದನ್ನ ತೆಗೀಬೇಕು, ಹೊಸದನ್ನ ಹಾಕ್ಬೇಕು. ನಡುವೆ ಸ್ವಲ್ಪ ಹೊತ್ತು ಎಲ್ಲ ಬೆತ್ತಲೆ. ಯಾವ ಸಂಸ್ಥೆಯವರೂ ಈ ಮಾತು ಬಾಯಿ ಬಿಟ್ಟು ಹೇಳಲ್ಲ. ಪ್ರಯೋಗಕ್ಕೆ ಅಂತ ಒಂದೇ ಒಂದು ಕಟ್ಟು ತೆರೆದ್ವಿ. ಲಾರ್ಕ್‌ಫೀಲ್ಡಿನವರ ಸಾಕ್ಷ್ಯಗಳ ಕಟ್ಟು."

"ಆಗ ಕೋಣೇಲಿ ಯಾರಿದ್ರು?"

"ಇಬ್ಬರು ಇರಲೇಬೇಕು ಅನ್ನೋದು ನಿಯಮ. ನಾನು ಮತ್ತೆ ನಿರ್ದೇಶಕರು, ರಸೆಲ್ ಡೆನ್‌ಹೋಮ್."

ಲೋರ್ನಾ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದಳು. ಅವಳ ಮನಸ್ಸಿನಲ್ಲಿ ಎಲ್ಲ ಒಂದು ಸಾಲಿಗೆ ಬಂದಿತ್ತು. ಗುಂಡಿಯ ಕೀಲಿ ಡೆನ್‌ಹೋಮ್ ಬಳಿ. ಯಾವ ಎಳೆಯಲ್ಲಿ ಬೆಳಕಿದೆ ಎಂದು ಗೊತ್ತಿಲ್ಲದವನು ಡೆನ್‌ಹೋಮ್. ಸುಳ್ಳು ಹೇಳಿ ಸಿಕ್ಕಿಬೀಳುವ ಹೆದರಿಕೆ ಡೆನ್‌ಹೋಮ್‌ಗೆ. ಸಾಕ್ಷ್ಯಗಳೇ ಇಲ್ಲದೆ ಹೋದರೆ ಅವಕ್ಕೆ ಬೀಗ ಹಾಕಲಿಲ್ಲವೇಕೆ ಎಂದು ಯಾರೂ ಕೇಳುವುದಿಲ್ಲ.

"ಡಲ್ಸಿ, ನಾನು ವಾಪಸ್ ಬರೋವರೆಗೆ ಇಲ್ಲೇ ಇರ್ತೀರಾ?"

"ಇರ್ತಾರೆ," ಮಿರ್ಯಾನಾ ಹೇಳಿದಳು. "ಸೂಪು ಆರ್ತಿದೆ ಅಜ್ಜಿ, ಕುಡೀರಿ."

* * *

ಡೆನ್‌ಹೋಮ್ ಎದ್ದು ನಿಂತು ಕೈ ಕುಲುಕಿದ. ನಿವೃತ್ತಿಗೆ ಹತ್ತಿರ ಬಂದ ಮನುಷ್ಯ. ನೀಟಾದ ಟೈ, ಎಣ್ಣೆ ಹಚ್ಚಿ ಬಾಚಿದ ಬಿಳಿ ಕೂದಲು. ಕಿಟಕಿಯ ಕೆಳಗೆ ಆ ಸಾಲು ಇನ್ನೂ ಕರಗಿರಲಿಲ್ಲ.

"ಎಷ್ಟು ಜನ ಬಂದಿದಾರೆ ನೋಡಿದ್ರಾ," ಎಂದ. "ಪಾಪ. ಅವರಿಗೊಂದು ನೆಮ್ಮದಿ ಕೊಡೋದು ನಮ್ಮ ಧರ್ಮ. ಅಳಿಸಿದ್ದನ್ನ ಯಾವ ಯಂತ್ರಾನೂ ಕದಿಯೋಕಾಗಲ್ಲ. ಅದಕ್ಕಿಂತ ಗಟ್ಟಿ ಬೀಗ ಎಲ್ಲಿದೆ ಹೇಳಿ?"

"ನೆಗಡಿ ಆಯ್ತು ಅಂತ ಮೂಗು ಕೊಯ್ಯೋರು ನೀವು."

ಅವನ ನಗು ಮಾಸಿತು. "ಕೂತ್ಕೊಳಿ ಸಾರ್ಜೆಂಟ್."

"ನಿಂತೇ ಮಾತಾಡ್ತೀನಿ. ಗುಂಡಿ ಕೀಲಿ ಎಷ್ಟಿವೆ?"

"ಎರಡು."

"ಒಂದು ನಿಮ್ಮದು. ಇನ್ನೊಂದನ್ನ ಮಿರ್ಯಾನಾಳಿಂದ ನೀವೇ ಕಸ್ಕೊಂಡ್ರಿ. ಆಮೇಲೆ ಪೆಟ್ಟಿಗೆ ಗುಂಡಿಗೆ ಇಳೀತು. ಇಳಿಸಿದವರು ಅದನ್ನ ಸತ್ತ ಎಳೆಗೆ ಕಚ್ಚಿಸಿದ್ರು. ಕೇಬಲ್ ಗೊತ್ತಿರೋರು ಮಾಡೋ ಕೆಲಸ ಅಲ್ಲ ಅದು. ಟೈ ಕಟ್ಟೋರು ಮಾಡೋ ಕೆಲಸ."

"ಇದು ಊಹೆ."

"ಡಲ್ಸಿ ಕ್ಲೀರಿಯ ಹೆಸರಲ್ಲಿ ಫೋನ್ ಮಾಡಿಸಿದ್ದೂ ಊಹೇನಾ? ಆ ಹೆಂಗಸಿಗೆ ತಮ್ಮನ ನೆನಪು ಅಂತ ಉಳಿದದ್ದೇ ಅದೊಂದು. ನಿಮ್ಮ ಕುರ್ಚಿ ಉಳಿಸ್ಕೊಳೋಕೆ ಅದನ್ನೂ ಒರೆಸಿ ಹಾಕಿದ್ರಿ."

"ನಾನು ಡಲ್ಸೀದು ಮುಟ್ಟಿಲ್ಲ!"

ಆ ಮಾತು ಅವನ ಬಾಯಿಂದ ಹಾರಿದ ರೀತಿಗೆ ಲೋರ್ನಾ ಬೆಚ್ಚಿದಳು. ಅದು ನಿರ್ದೇಶಕನ ಧ್ವನಿಯಾಗಿರಲಿಲ್ಲ. ಹೆಸರು ಹೇಳಿದ ಬಗೆಯೂ ಬೇರೆ ಇತ್ತು. ಕ್ಲೀರಿ ಅನ್ನಲಿಲ್ಲ, ಮೇಡಂ ಅನ್ನಲಿಲ್ಲ.

"ನಿಮಗೆ ಅವರು ಗೊತ್ತು."

ಡೆನ್‌ಹೋಮ್ ನಿಧಾನವಾಗಿ ಕುರ್ಚಿಯಲ್ಲಿ ಕುಸಿದ.

"ಕೆವಿನ್ ಹಾಸಿಗೆ ನನ್ನ ಪಕ್ಕದ್ದು," ಎಂದ.

ಹೊರಗೆ ಯಾರೋ ಕೆಮ್ಮಿದರು. ಲೋರ್ನಾ ಕುರ್ಚಿ ಎಳೆದುಕೊಂಡು ಕೂತಳು.

"ಈ ಊರಲ್ಲಿ ಯಾರಿಗೂ ಗೊತ್ತಿಲ್ಲ," ಅವನು ಮೇಜಿಗೆ ಹೇಳುವಂತೆ ಹೇಳಿದ. "ಹೆಂಡತಿಗೆ ಗೊತ್ತಿಲ್ಲ. ನಮ್ಮಪ್ಪ ಬ್ಯಾಂಕ್ ಮ್ಯಾನೇಜರ್ ಆಗಿದ್ದ ಅಂತ ಮದುವೆಗೆ ಮುಂಚೆ ಹೇಳಿದ್ದೆ. ಈಗ ಮೊಮ್ಮಕ್ಕಳೂ ಅದನ್ನೇ ಹೇಳ್ತಾರೆ. ಈ ಭಂಡಾರ ಶುರುವಾದಾಗ ಸಾಕ್ಷ್ಯ ಹೇಳಿದವರಲ್ಲಿ ನಾನೂ ಒಬ್ಬ. ಅದನ್ನ ಕಾಯೋ ಆಸೆಗೇ ಈ ಕೆಲಸಕ್ಕೆ ಅರ್ಜಿ ಹಾಕಿದ್ದು."

"ಕಾಯೋರು ಬೀಗ ಯಾಕೆ ಬದಲಿಸಲಿಲ್ಲ?"

"ಬದಲಿಸಬೇಕಾದ್ರೆ ತೆರೀಬೇಕಲ್ಲ." ಅವನು ಟೈ ಸಡಿಲಿಸಿದ. "ಎಲ್ಲರದನ್ನೂ ತೆರೀಬೇಕು. ನನ್ನದನ್ನೂ. ಅದಕ್ಕೇ ಇವತ್ತು ನಾಳೆ ಅಂತ ಮುಂದೂಡಿದೆ. ಸಭೇಲಿ ಉಳಿದವರಿಗೆ ಖರ್ಚು ಉಳಿದ್ರೆ ಸಾಕಾಗಿತ್ತು, ಯಾರೂ ಕಾರಣ ಕೇಳಲಿಲ್ಲ. ಕೊನೆಗೆ ಮುಗೀತು ಅಂತ ಸುಳ್ಳು ಹೇಳಿದ್ದೂ ಅದಕ್ಕೇ."

"ಪೆಟ್ಟಿಗೆ?"

"ಫೋನ್ ಬಂತು. ಎತ್ತಿದೆ. ಯಾರೋ ಗಂಡಸು ಮಾತಾಡ್ತಿದ್ದ. ಲಾರ್ಕ್‌ಫೀಲ್ಡಿನ ಮಲಗೋ ಕೋಣೆ, ಕಿಟಕಿ, ಕೆವಿನ್... ಯಾರಪ್ಪ ಇವನು ಅಂತ ಕೇಳ್ತಾ ಕೂತೆ. ಆಮೇಲೆ ಅವನು ಮಾತು ತಡೆದು ಅತ್ತ. ಅಳೋ ರೀತಿ ಕೇಳಿದಾಗ ಗೊತ್ತಾಯ್ತು, ಅದು ನಾನು." ಡೆನ್‌ಹೋಮ್ ಅಂಗೈಯಿಂದ ಬಾಯಿ ಒರೆಸಿಕೊಂಡ. "ಅದು ಮುಗಿದ ಮೇಲೆ ಯಂತ್ರ ಓದೋ ಧ್ವನಿ. ನಾಳೆ ಅಂಚೇಲಿ ಒಂದು ಪೆಟ್ಟಿಗೆ ಬರುತ್ತೆ, ಇಂಥ ಗುಂಡೀಲಿ ಇಡು, ಆಮೇಲೆ ಅಳಿಸೋ ಕೌಂಟರ್ ತೆರಿ. ಇಲ್ಲದಿದ್ರೆ ಇದನ್ನ ನಿನ್ನ ಹೆಂಡತಿ ಕೇಳ್ತಾಳೆ, ಅಂತ."

"ನೀವು ಯಾವುದೋ ಒಂದು ಎಳೆಗೆ ಕಚ್ಚಿಸಿದ್ರಿ."

"ಯಾವುದೋ ಅಲ್ಲ. ಕಂದು ಎಳೆಗೇ ಕಚ್ಚಿಸು, ಬೇರೆ ಯಾವುದನ್ನೂ ಮುಟ್ಟಬೇಡ ಅಂತ ಎರಡೆರಡು ಸಲ ಹೇಳಿತ್ತು. ಹಾಗೇ ಮಾಡಿದೆ."

ಲೋರ್ನಾಳ ಬೆನ್ನು ನೆಟ್ಟಗಾಯಿತು.

ಬೆಳಗಿನಿಂದ ಅವಳು ಹಿಡಿದುಕೊಂಡು ಬಂದ ತರ್ಕ ಅಂಗೈಯಲ್ಲೇ ತಿರುಗಿಬಿತ್ತು. ಕೇಬಲ್ ಗೊತ್ತಿಲ್ಲದವನ ಎಡವಟ್ಟು ಅಲ್ಲ ಇದು. ಯಾವ ಎಳೆ ಸತ್ತಿದೆ ಎಂದು ಚೆನ್ನಾಗಿ ಬಲ್ಲವರು, ಒಂದಕ್ಷರವೂ ಸೋರಬಾರದೆಂದು ಬೇಕೆಂದೇ ಆರಿಸಿದ್ದು.

"ಡೆನ್‌ಹೋಮ್, ಆ ಕಟ್ಟು ತೆರೆದಾಗ ಕೊನೆಯವರೆಗೂ ನೀವು ಕೋಣೇಲಿ ಇದ್ರಾ?"

ಅವನು ತಲೆ ತಗ್ಗಿಸಿದ.

"ಹೆಸರುಗಳು ಒಂದೊಂದಾಗಿ ಬರ್ತಿದ್ವು. ಮುಂದಿನದು ನನ್ನದು ಅಂತ ಗೊತ್ತಾಯ್ತು. ಕೂತ್ಕೊಳೋಕಾಗಲಿಲ್ಲ. ತಲೆನೋವು ಅಂತ ಹೇಳಿ ಹೊರಗೆ ಬಂದೆ. ಅಂಗಳದಲ್ಲಿ ವಾಂತಿ ಮಾಡ್ಕೊಂಡೆ."

"ಒಳಗೆ?"

"ಮಿರ್ಯಾನಾ ಒಬ್ಬಳೇ. ನಾನು ಆಮೇಲೆ ಒಳಗೆ ಹೋಗಲೇ ಇಲ್ಲ."

ಲೋರ್ನಾ ಆಗಲೇ ಫೋನ್ ತೆಗೆದಿದ್ದಳು. ಮಿರ್ಯಾನಾಳ ನಂಬರ್ ಹೊಡೆದುಕೊಂಡು ಹೊಡೆದುಕೊಂಡು ನಿಂತಿತು. ಬೆಳಿಗ್ಗೆ ಕೇಳಿ ಬರೆದುಕೊಂಡಿದ್ದ ಡಲ್ಸಿಯ ನಂಬರ್ ಒತ್ತಿದಳು. ಅದೂ ಹಾಗೆಯೇ ಹೊಡೆದುಕೊಳ್ಳತೊಡಗಿತು. ಒಬ್ಬ ಮುದುಕಿಯನ್ನು ಕೈಯಾರೆ ಅಲ್ಲಿ ಬಿಟ್ಟು ಬಂದವಳು ತಾನೇ. ಸೂಪು ಕುಡಿಯಿರಿ ಎಂದದ್ದು ಕಿವಿಯಲ್ಲಿ ಇನ್ನೂ ಇತ್ತು.

"ಹಲೋ? ಪೊಲೀಸ್ ಮಗಳಾ?"

ಡಲ್ಸಿಯ ಧ್ವನಿಯಲ್ಲಿ ಬೆಳಿಗ್ಗೆ ಇಲ್ಲದ ಒಂದು ಗೆಲುವಿತ್ತು. ಲೋರ್ನಾ ಉಸಿರು ಬಿಟ್ಟಳು. "ಡಲ್ಸಿ, ನೀವು ಹುಷಾರಾಗಿದೀರಾ? ಮಿರ್ಯಾನಾ ಎಲ್ಲಿ?"

"ಇಲ್ಲೇ ಇದಾಳೆ. ಏನು ಒಳ್ಳೇ ಹುಡುಗಿ ಕಣೇ ಇವಳು. ಕೇಳು, ನಂದು ಅಳಿಸಿಹೋಗಿಲ್ವಂತೆ! ಅವಳ ಹತ್ರ ಇದೆಯಂತೆ. ಹೊಸ ಬೀಗ ಹಾಕಿ ಇಟ್ಟಿದಾಳಂತೆ. ಆ ಕಟ್ಟಡದಲ್ಲಿ ಇರೋದಕ್ಕಿಂತ ಇವಳ ಹತ್ರಾನೇ ಭದ್ರ ಅಂತ ಫೋನ್ ಮಾಡಿ ಅಲ್ಲಿಂದ ಅಳಿಸಿದ್ದು ಇವಳೇನೇ. ಈಗ ನನಗೆ ಕೇಳಿಸ್ತಾಳಂತೆ. ಬೇಡ ಅಂದೆ. ಆಮೇಲೆ, ಕೆವಿನ್ ಹೆಸರು ಬರೋ ಜಾಗ ಒಂದು ಮಾತ್ರ ಸಾಕು ಅಂದೆ."

"ಅವಳಿಗೆ ಫೋನ್ ಕೊಡಿ."

ಡೆನ್‌ಹೋಮ್ ಮೇಜಿನ ಆಚೆಯಿಂದ ಕಣ್ಣು ಮಿಟುಕಿಸದೆ ನೋಡುತ್ತಿದ್ದ. ಲೋರ್ನಾ ಅವನಿಗೂ ಕೇಳುವಂತೆ ಸ್ಪೀಕರ್ ಒತ್ತಿ ಫೋನನ್ನು ನಡುವೆ ಇಟ್ಟಳು.

"ಬಂದು ಹಿಡೀಬಹುದು ನೀವು," ಮಿರ್ಯಾನಾ ಹೇಳಿದಳು. ಧ್ವನಿಯಲ್ಲಿ ಆತುರವಿರಲಿಲ್ಲ, ಪಶ್ಚಾತ್ತಾಪವೂ ಇರಲಿಲ್ಲ. "ಲಾರ್ಕ್‌ಫೀಲ್ಡಿನವರದ್ದು ಅಲ್ಲಿ ಇದ್ದಷ್ಟೂ ನನ್ನ ಹತ್ರ ಇದೆ. ಕಾನೂನಿನ ಪ್ರಕಾರ ಕಳ್ಳಿ ನಾನೇ. ಆದ್ರೆ ಹಿಡಿದ ಮೇಲೆ ಇದನ್ನೆಲ್ಲ ಎಲ್ಲಿಡ್ತೀರ ಸಾರ್ಜೆಂಟ್? ವಾಪಸ್ ಕೇಕ್ ಕತ್ತರಿಸಿದವರ ಕೈಗೇನಾ?"

"ಕಾಪಾಡೋಳು ನೀನಾದ್ರೆ, ಒಬ್ಬ ಮನುಷ್ಯನಿಗೆ ಅವನ ಅಳೂನೇ ಕೇಳಿಸಿ ಯಾಕೆ ಹೆದರಿಸಿದ್ಯೇ? ಅವನೂ ಅಲ್ಲಿ ಬೆಳೆದ ಹುಡುಗ ತಾನೆ?"

"ಯಾರು?"

"ನಾಟಕ ಬೇಡ. ಡೆನ್‌ಹೋಮ್‌ಗೆ ಫೋನ್ ಮಾಡಿದ್ದು, ಪೆಟ್ಟಿಗೆ ಕಳಿಸಿದ್ದು, ಕಂದು ಎಳೆ ಹೇಳಿದ್ದು."

"ಪೆಟ್ಟಿಗೆ ನಂದಲ್ಲ. ಆ ಕೌಂಟರ್ ತೆರೆದಿದ್ದನ್ನ ನಾನು ಉಪಯೋಗಿಸ್ಕೊಂಡೆ, ಅಷ್ಟೇ." ಮುಂದಿನ ಮಾತಿಗೆ ಮಿರ್ಯಾನಾಳ ಧ್ವನಿಯ ಬಿಗಿ ಸಡಿಲವಾಯಿತು. "ಡೆನ್‌ಹೋಮ್‌ನ ಸಾಕ್ಷ್ಯ ಯಾರೋ ಕೇಳಿಸಿದ್ರು ಅಂದ್ರಾ?"

"ಅದೂ ಆ ಕಟ್ಟಿನಲ್ಲೇ ಇತ್ತಲ್ಲ. ಅವನು ಹೊರಗೆ ಹೋದ ಮೇಲೆ ನೀನೇ ತೆರೆದೆ."

"ತೆರೆದೆ," ಎಂದಳು ಮಿರ್ಯಾನಾ. "ಮೊಹರು ಸರಿಯಾಗೇ ಇತ್ತು, ಸಾರ್ಜೆಂಟ್. ಆದ್ರೆ ಅವರದರ ಒಳಗೆ ಮಾತ್ರ ಏನೂ ಇರಲಿಲ್ಲ. ಯಾರೋ ನನಗಿಂತ ಎಷ್ಟೋ ಮುಂಚೆ ಬಂದು ಬೀಗ ತೆರೆದು, ಅವರ ಧ್ವನಿ ತಗೊಂಡು ಹೋಗಿ, ಹಾಗೇ ಬೀಗ ಹಾಕಿಟ್ಟಿದ್ರು."